ನಾಡಿ ಸಿಗದ ಮನುಷ್ಯ

೯ ಫೆಬ್ರವರಿ

ಅಪ್ಪಾ,

ಹನ್ನೊಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಜಗಳವನ್ನು ಬಿಟ್ಟ ಕಡೆಯಿಂದ ಮುಂದುವರಿಸಲು ಅಲ್ಲ, ಒಂದು ಕೆಲಸ ಒಪ್ಪಿಸಲು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ದನಿ ಏರಿಸುತ್ತೇವೆ, ಮೂರನೇ ನಿಮಿಷಕ್ಕೆ ಅಮ್ಮ ಫೋನು ಕಸಿದುಕೊಂಡು "ಊಟ ಆಯ್ತಾ?" ಅನ್ನುತ್ತಾಳೆ. ಕಾಗದವೇ ವಾಸಿ.

ನಿಮ್ಮ ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಒಬ್ಬ ಲಾರಿ ಮೆಕ್ಯಾನಿಕ್ ಇದ್ದಾರಲ್ಲ, ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ, ಅವರು ಮೂರು ತಿಂಗಳಿಂದ ನಮ್ಮ ಐಸಿಯುನಲ್ಲಿದ್ದರು. ವಯಸ್ಸು ನಲವತ್ತಾರು. ಹೃದಯ ಪೂರ್ತಿ ಸೋತಿತ್ತು. ಬೇರೆ ಹೃದಯ ಸಿಗುವ ತನಕ ತಡೆದುಕೊಳ್ಳಲಿ ಎಂದು ಎದೆಯೊಳಗೆ ಒಂದು ಪಂಪು ಕೂರಿಸಿದ್ದಾರೆ. ಹೊಟ್ಟೆಯ ಪಕ್ಕದಿಂದ ಒಂದು ತಂತಿ ಹೊರಗೆ ಬರುತ್ತದೆ, ಸೊಂಟದಲ್ಲಿರುವ ಪೆಟ್ಟಿಗೆಗೆ ಸೇರುತ್ತದೆ. ಪೆಟ್ಟಿಗೆಗೆ ಎರಡು ಬ್ಯಾಟರಿ. ಅವರ ಹೆಂಡತಿ ಬ್ಯಾಟರಿ ಇಡಲು ಎರಡೂ ಪಕ್ಕ ಜೇಬಿರುವ ಅಂಗಿ ಹೊಲಿದಿದ್ದಾರೆ. ಪಂಪಿನ ಕಂಪನಿ ಕೊಡುವ ಚೀಲಕ್ಕಿಂತ ಸೊಗಸಾಗಿದೆ. ಬರುವ ವಾರ ಅವರನ್ನು ಮನೆಗೆ ಕಳಿಸುತ್ತಿದ್ದೇವೆ.

ಅಪ್ಪಾ, ಮುಖ್ಯ ವಿಷಯ ಇದು. ಅವರಿಗೆ ನಾಡಿ ಸಿಗುವುದಿಲ್ಲ. ಈ ಪಂಪು ಹೃದಯದ ಹಾಗೆ ಬಡಿಯುವುದಿಲ್ಲ, ನಲ್ಲಿ ಬಿಟ್ಟ ಹಾಗೆ ಒಂದೇ ಸಮ ರಕ್ತ ತಳ್ಳುತ್ತದೆ. ಈ ಘಟಕಕ್ಕೆ ಬಂದ ಮೊದಲ ದಿನ ನಾನೂ ಬೆಚ್ಚಿಬಿದ್ದಿದ್ದೆ. ಒಬ್ಬ ಹೆಂಗಸು ನನ್ನ ಜೊತೆ ಮಾತಾಡುತ್ತಿದ್ದಾರೆ, ದಿಂಬು ಸರಿಮಾಡು ಅನ್ನುತ್ತಿದ್ದಾರೆ, ಅವರ ಮಣಿಕಟ್ಟಿನಲ್ಲಿ ನನ್ನ ಬೆರಳಿಗೆ ಏನೂ ಇಲ್ಲ. ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಮೆಕ್ಯಾನಿಕ್ ಇದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಾರೆ: "ಸಿಸ್ಟರ್, ಹಳೇ ಇಂಜಿನ್ನು ಡಬ್ ಡಬ್ ಅಂತಿತ್ತು. ಇದು ಟರ್ಬೈನು."

ವಾರಕ್ಕೊಂದು ಸಲ ಅವರನ್ನು ನೋಡಿ. ಅವರು ಬಿದ್ದರೆ, ಎಚ್ಚರ ತಪ್ಪಿದರೆ, ಕೈ ಹಿಡಿಯಬೇಡಿ. ಎದೆಗೆ ಸ್ಟೆತಸ್ಕೋಪ್ ಇಡಿ. ಗುಂಯ್ ಎಂಬ ಸದ್ದು ಕೇಳಿಸಿದರೆ ಪಂಪು ಓಡುತ್ತಿದೆ ಎಂದರ್ಥ. ತಂತಿಯನ್ನು ಮಾತ್ರ ಯಾರೂ ಮುಟ್ಟಬಾರದು. ನಮ್ಮ ಘಟಕದ ಫೋನ್ ನಂಬರನ್ನು ಈ ಕಾಗದದ ಹಿಂದೆ ದಪ್ಪಗೆ ಬರೆದಿದ್ದೇನೆ. ಒಂದು ಮಧ್ಯಾಹ್ನ ನೀವೇ ಇಲ್ಲಿಗೆ ಬಂದರೆ ಎಲ್ಲವನ್ನೂ ಕೈಯಾರೆ ತೋರಿಸುತ್ತೇನೆ. ಬಸ್ಸಿನಲ್ಲಿ ಮೂರೇ ಗಂಟೆ.

ನಿಮ್ಮ ಮಗಳು


೧೭ ಫೆಬ್ರವರಿ

ಸಿಸ್ಟರ್ ಅವರಿಗೆ,

ಅಪ್ಪಣೆ ತಲುಪಿತು. ನಲವತ್ತೈದು ವರ್ಷ ಈ ಎರಡು ಬೆರಳನ್ನು ನಂಬಿ ವೈದ್ಯ ಮಾಡಿದವನಿಗೆ "ಕೈ ಹಿಡಿಯಬೇಡಿ" ಎಂದು ಬರೆದಿದ್ದೀಯ. ಆಗಲಿ. ಡಾಕ್ಟರಾಗು ಅಂದರೆ ನರ್ಸ್ ಆದೆ, ಈಗ ಡಾಕ್ಟರಿಗೇ ಪಾಠ ಹೇಳುವಷ್ಟು ಬೆಳೆದಿದ್ದೀಯ. ಹೋದ ವರ್ಷ ಎಲ್ಲರೆದುರು ನಿನ್ನ ಕೆಲಸದ ಬಗ್ಗೆ ನಾನು ಆಡಿದ ಮಾತು ಸರಿಯಿರಲಿಲ್ಲ ಎಂದು ನಿಮ್ಮಮ್ಮ ದಿನಾ ನೆನಪಿಸುತ್ತಾಳೆ. ಸರಿಯಿರಲಿಲ್ಲ. ಅಷ್ಟು ಸಾಕಲ್ಲ?

ನಿನ್ನ ಮೆಕ್ಯಾನಿಕ್ ಮನೆ ಸೇರಿದ ಮಾರನೇ ದಿನವೇ ಕ್ಲಿನಿಕ್ಕಿಗೆ ನಡೆದುಕೊಂಡೇ ಬಂದ. ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನರಿಗೆ ಅಂಗಿ ಎತ್ತಿ ಪೆಟ್ಟಿಗೆ ತೋರಿಸಿದ. ಒಬ್ಬಳಿಗೆ ತಲೆಸುತ್ತು ಬಂತು. ನಾನು ಸುಮ್ಮನಿರಲಾರದೆ ಕೈ ಹಿಡಿದು ನೋಡಿದೆ.

"ಏನ್ ಸಿಕ್ತು ಡಾಕ್ಟ್ರೇ?" ಅಂದ.

"ಏನೂ ಇಲ್ಲ" ಅಂದೆ.

"ಹಂಗಾದ್ರೆ ನಿಮ್ಮೆದುರು ಕೂತು ಮಾತಾಡ್ತಿರೋದ್ಯಾರು?"

ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕೆ. ಒಳ್ಳೆಯ ಮನುಷ್ಯ. ನೋಡಿಕೊಳ್ಳುತ್ತೇನೆ.

ನಿನ್ನ ಆಸ್ಪತ್ರೆಗೆ ಬಂದು ಮಗಳೆದುರು ವಿದ್ಯಾರ್ಥಿಯಂತೆ ಕೂರುವುದು ಮಾತ್ರ ನನ್ನಿಂದಾಗದು. ನಿಮ್ಮಮ್ಮ ನಿನ್ನ ಕಾಗದವನ್ನು ಮೂರು ಸಲ ಓದಿದಳು. ನಾನು ಎರಡು ಸಲ.

ಅಪ್ಪ


೧೪ ಮಾರ್ಚ್

ಅಪ್ಪಾ,

"ಎರಡು ಸಲ" ಎಂದು ಬರೆದಿರಲ್ಲ, ಅದನ್ನು ನಾನೂ ಎರಡು ಸಲ ಓದಿದೆ.

ಮೆಕ್ಯಾನಿಕ್ ತಿಂಗಳ ತಪಾಸಣೆಗೆ ಬಂದಿದ್ದರು. ತಂತಿ ಹೊರಬರುವ ಗಾಯ ಒಣಗಿದೆ, ನಾಲ್ಕು ಕಿಲೋ ತೂಕ ಹೆಚ್ಚಾಗಿದೆ. ಹೊಸ ಹೃದಯಕ್ಕೆ ಕಾಯುವವರ ಪಟ್ಟಿಯಲ್ಲಿ ಅವರ ಹೆಸರು ಮೇಲಕ್ಕೆ ಬಂದಿದೆ. ಅವರ ಹೆಂಡತಿಗೆ ಎಲ್ಲ ಅಲಾರಾಂಗಳ ಸದ್ದನ್ನೂ ಮತ್ತೊಮ್ಮೆ ಕೇಳಿಸಿದೆ. ಬಿಟ್ಟು ಬಿಟ್ಟು ಕೂಗಿದರೆ ರಕ್ತದ ಹರಿವು ಕಡಿಮೆಯಾಗಿದೆ ಎಂದು. ಕಾಲು ಎತ್ತರಿಸಿ ಮಲಗಿಸಿ ನಮಗೆ ಫೋನು ಮಾಡಬೇಕು. ಬಿಡದೆ ಒಂದೇ ಸಮ ಕೂಗಿದರೆ ಪಂಪು ನಿಂತಿದೆ ಎಂದು. ಮಿಕ್ಕದ್ದನ್ನೆಲ್ಲ ಬಿಟ್ಟು ಮೊದಲು ತಂತಿ ಸೇರಿಸಬೇಕು. ಆಕೆ ಕಣ್ಣು ಮುಚ್ಚಿಕೊಂಡು ಕೇಳಿ ಒಂದೂ ತಪ್ಪದೆ ಹೇಳಿದರು. ಅವರನ್ನು ನರ್ಸಿಂಗಿಗೆ ಸೇರಿಸಿಕೊಳ್ಳಬಹುದು.

ಒಂದು ಮಧ್ಯಾಹ್ನ ಬನ್ನಿ ಅಪ್ಪಾ. ಮಗಳಾಗಿ ಕರೆಯುತ್ತಿಲ್ಲ, ಅವರ ನರ್ಸ್ ಆಗಿ ಕರೆಯುತ್ತಿದ್ದೇನೆ. ಇನ್ನೊಮ್ಮೆ ಕೇಳುವುದಿಲ್ಲ.

ನಿಮ್ಮ ಮಗಳು


೨೩ ಏಪ್ರಿಲ್

ಮಗಳೇ,

ನಿನ್ನೆ ಮಧ್ಯಾಹ್ನ ನಿನ್ನ ಮೆಕ್ಯಾನಿಕ್‌ಗೆ ಎಚ್ಚರ ತಪ್ಪಿತ್ತು. ಎರಡು ದಿನದಿಂದ ವಾಂತಿಯಂತೆ. ಆಂಬುಲೆನ್ಸ್ ಕರೆಸಿ ನಿಮ್ಮಲ್ಲಿಗೆ ಕಳಿಸಿದ್ದೇವೆ, ಇಷ್ಟರಲ್ಲಿ ತಲುಪಿರುತ್ತಾರೆ. ನಾನೂ ಹೋಗಿದ್ದೆ. ಗಲಾಟೆಯಲ್ಲಿ ತಂತಿ ಸ್ವಲ್ಪ ಹೊತ್ತು ಕಳಚಿಕೊಂಡಿತ್ತು. ಅವನ ಹೆಂಡತಿ ಮತ್ತೆ ಹಾಕಿದಳು.

ಬೇರೇನೂ ವಿಶೇಷವಿಲ್ಲ.

ಅಪ್ಪ


೩೦ ಏಪ್ರಿಲ್

ಅಪ್ಪಾ,

ನಿಮ್ಮ ಕಾಗದ ಬರುವ ಹೊತ್ತಿಗೆ ಮೆಕ್ಯಾನಿಕ್ ನಮ್ಮಲ್ಲಿ ನಾಲ್ಕು ದಿನ ಕಳೆದಿದ್ದರು. ಎರಡು ದಿನ ಉಸಿರಾಟದ ಯಂತ್ರದಲ್ಲಿಟ್ಟಿದ್ದೆವು. ಪಂಪು ನಿಂತಿದ್ದಾಗ ಒಳಗೆ ರಕ್ತ ಹೆಪ್ಪುಗಟ್ಟಿ, ಮತ್ತೆ ಓಡಿದಾಗ ಒಂದು ಚೂರು ಮಿದುಳಿಗೆ ಹೋಗಿದೆ. ಸ್ಕ್ಯಾನಿನಲ್ಲಿ ಹೆಸರುಕಾಳಿನಷ್ಟು ಕಪ್ಪು ಚುಕ್ಕೆ. ಎಡಗೈಯ ಮೂರು ಬೆರಳು ಮಡಚಿದವು ಬಿಚ್ಚುತ್ತಿಲ್ಲ. ಹೃದಯಕ್ಕೆ ಕಾಯುವವರ ಪಟ್ಟಿಯಿಂದ ಸದ್ಯಕ್ಕೆ ಅವರನ್ನು ತೆಗೆದಿದ್ದಾರೆ. ಮೂರು ತಿಂಗಳ ನಂತರ ಮತ್ತೆ ನೋಡುತ್ತಾರಂತೆ.

ಅವರ ಹೆಂಡತಿ ನಮ್ಮ ದೊಡ್ಡ ಡಾಕ್ಟರಿಗೆ ಹೇಳಿದ್ದೂ ನೀವು ಬರೆದದ್ದೇ, ಪದಕ್ಕೆ ಪದ. ಗಲಾಟೆಯಲ್ಲಿ ಕಳಚಿಕೊಂಡಿತು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನನಗೆ ಆಗಲೇ ಏನೋ ಅನ್ನಿಸಿತು. ಆ ತಂತಿ ಜಗ್ಗಿದರೆ ಬರುವಂಥದ್ದಲ್ಲ. ಬೀಗ ಒತ್ತಿ, ತಿರುಗಿಸಿ, ಎಳೆಯಬೇಕು. ಅದು ತಾನಾಗಿ ಕಳಚಿಕೊಳ್ಳುವುದಿಲ್ಲ.

ನಿನ್ನೆ ಬೆಳಿಗ್ಗೆ ಅವರ ಗಾಯದ ಬಟ್ಟೆ ಬದಲಾಯಿಸುತ್ತಿದ್ದೆ. ಮಾತು ತೊದಲುತ್ತದೆ, ಆದರೆ ಅರ್ಥವಾಗುತ್ತದೆ.

"ಸಿಸ್ಟರ್, ಸತ್ತೋರಿಗೆ ಕೇಳಿಸುತ್ತಾ?" ಅಂದರು.

ತಮಾಷೆ ಅಂದುಕೊಂಡೆ. "ಯಾಕೆ, ಯಾರಿಗಾದ್ರೂ ಬೈಬೇಕಿತ್ತಾ?" ಅಂದೆ.

"ನನಗೆ ಕೇಳಿಸ್ತು" ಅಂದರು.

ಅಂಗಳದಲ್ಲಿ ಕಣ್ಣು ಕತ್ತಲಾಗಿ ಬಿದ್ದರಂತೆ. ಬಿದ್ದಮೇಲೆ ಕಿವಿ ಮಾತ್ರ ತೆರೆದುಕೊಂಡಿತಂತೆ. ಕೈ ಎತ್ತಬೇಕು ಅನ್ನಿಸುತ್ತದೆ, ಏಳುವುದಿಲ್ಲ. ರೆಪ್ಪೆ ಬಿಡಿಸಬೇಕು ಅನ್ನಿಸುತ್ತದೆ, ಆಗುವುದಿಲ್ಲ. ಹೆಂಡತಿ "ಫೋನು ಎಲ್ಲಿ, ಫೋನು ಎಲ್ಲಿ" ಅಂತ ಓಡಾಡುವುದು ಕೇಳುತ್ತಿದೆ. ಪೆಟ್ಟಿಗೆ ಬಿಟ್ಟು ಬಿಟ್ಟು ಕೂಗುತ್ತಿದೆ. ಅಷ್ಟರಲ್ಲಿ ಯಾರೋ "ಡಾಕ್ಟ್ರು ಬಂದ್ರು, ಜಾಗ ಬಿಡಿ" ಅಂದರಂತೆ. ಅವರಿಗೆ ಸಮಾಧಾನವಾಯಿತಂತೆ. ಆಮೇಲೆ ಒಂದು ಕೈ ಅವರ ಮಣಿಕಟ್ಟು ಹಿಡಿಯಿತು.

"ಆಮೇಲೆ ನಿಮ್ಮಪ್ಪನ ದನಿ ಸಿಸ್ಟರ್. 'ಹೋಗ್ಬಿಟ್ಟಿದಾನಮ್ಮಾ' ಅಂದ್ರು. ನನ್ನ ಹೆಂಡ್ತಿ 'ಇಲ್ಲ ಡಾಕ್ಟ್ರೇ, ಇವ್ರಿಗೆ ನಾಡಿ ಇರಲ್ಲ, ಸಿಸ್ಟರ್ ಹೇಳಿದಾರೆ' ಅಂದ್ಲು. ಅವರು, 'ನಾನ್ ನೋಡಿದೀನಮ್ಮಾ, ಮುಖ ನೋಡು, ಎಲ್ಲಾ ಮುಗೀತು. ಪಾಪ, ಇನ್ನೂ ಯಾಕೆ ಇದು ಕಿರುಚ್ಕೊಳ್ತಿದೆ' ಅಂದ್ರು. ನಾನು ಒಳಗೆ ಕೂಗ್ತಾನೇ ಇದೀನಿ, ಇದೀನಿ ಇದೀನಿ ಇಲ್ಲೇ ಇದೀನಿ ಅಂತ. ಹೊಟ್ಟೆ ಹತ್ರ ಯಾರೋ ಎಳೆದ್ರು. ಎದೇಲಿ ಯಾವಾಗ್ಲೂ ಒಂದು ಸಣ್ಣ ನಡುಕ ಇರುತ್ತೆ ಸಿಸ್ಟರ್, ಅದು ನಿಂತೋಯ್ತು. ಆಮೇಲೆ ಏನೂ ಇಲ್ಲ."

ನನ್ನ ಕೈಯಲ್ಲಿದ್ದ ಚಿಮ್ಮಟ ಕೆಳಗೆ ಬಿತ್ತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ರೋಗಿಯ ಮುಂದೆ ನನ್ನ ಕೈಯಿಂದ ಏನಾದರೂ ಬಿದ್ದಿದೆ.

ಎಳೆದವರು ಯಾರು ಅಪ್ಪಾ? ನಿಮ್ಮ ಕಾಗದದಲ್ಲಿ ತಂತಿ ತಾನೇ ಕಳಚಿಕೊಂಡಿದೆ. ನನ್ನ ಕಾಗದವನ್ನು ನೀವು ಎರಡು ಸಲ ಓದಿದ್ದಿರಿ.

ಉತ್ತರ ಬರೆಯಿರಿ.

ನಿಮ್ಮ ಮಗಳು


೮ ಮೇ

ಮರೀ,

ಇದು ಅಮ್ಮ. ನನ್ನ ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ದಿನಸಿ ಪಟ್ಟಿ ಬರೆಯುವುದು ಬಿಟ್ಟು ಬೇರೇನೂ ಬರೆದು ವರ್ಷಗಳಾದವು.

ನಿನ್ನ ಕಾಗದ ಬಂದಾಗಿನಿಂದ ನಿಮ್ಮಪ್ಪ ಕ್ಲಿನಿಕ್ ಬಾಗಿಲು ತೆಗೆದಿಲ್ಲ. ಆರು ದಿನವಾಯಿತು. ಬೆಂಚಿನ ಮೇಲೆ ಜನ ಬಂದು ಕೂತು ಎದ್ದುಹೋಗುತ್ತಾರೆ. ಕೇಳಿದರೆ "ಮೈ ಸರಿಯಿಲ್ಲ ಅನ್ನು" ಅನ್ನುತ್ತಾರೆ. ತಟ್ಟೆ ಮುಂದೆ ಇಟ್ಟರೆ ತಟ್ಟೆಯನ್ನೇ ನೋಡುತ್ತಾ ಕೂರುತ್ತಾರೆ. ನಿನಗೆ ಬರೆಯಲು ಶುರುಮಾಡಿ ಎಂಟು ಹತ್ತು ಹಾಳೆ ಹರಿದಿದ್ದಾರೆ. ನಾನು ಅವನ್ನು ಜೋಡಿಸಿ ಓದಲು ನೋಡಿದೆ. ಎಲ್ಲದರಲ್ಲೂ "ಮಗಳೇ" ಎಂದು ಮಾತ್ರ ಇದೆ.

ಒಂದು ವಿಷಯ ನಿನಗೆ ಹೇಳಲೇಬಾರದು ಎಂದು ಆಣೆ ಹಾಕಿಸಿಕೊಂಡಿದ್ದರು. ಇನ್ನು ಇಟ್ಟುಕೊಳ್ಳಲಾರೆ. ಎರಡು ವರ್ಷದಿಂದ ಅವರ ಅಂಗಿ ಗುಂಡಿ ನಾನೇ ಹಾಕುವುದು. ಸಕ್ಕರೆ ಕಾಯಿಲೆ ಬೆರಳಿಗೆ ಇಳಿದಿದೆ. ಮೊದಲು ಕಾಲಲ್ಲಿತ್ತು, ಆಮೇಲೆ ಕೈಗೂ ಬಂತು. ಹೋದ ವರ್ಷ ಬಿಸಿ ಚಹದ ಲೋಟ ಹಿಡಿದುಕೊಂಡು ಪೇಪರು ಓದುತ್ತಾ ಕೂತಿದ್ದರು. ಬೆರಳ ತುದಿ ಬೊಬ್ಬೆ ಎದ್ದಿತ್ತು. ನಾನು ಕೂಗಿದ ಮೇಲೆ ಲೋಟ ಕೆಳಗಿಟ್ಟು ಬೆರಳನ್ನು ಯಾರದೋ ಬೆರಳು ನೋಡುವ ಹಾಗೆ ನೋಡಿಕೊಂಡರು.

ಇದನ್ನು ನಾನು ಮುಂಚೆಯೇ ನಿನಗೆ ಹೇಳಬೇಕಿತ್ತೋ ಏನೋ. ಡಾಕ್ಟರ ಹೆಂಡತಿ, ಡಾಕ್ಟರಿಗೇ ಗೊತ್ತಿರುತ್ತದೆ ಅಂದುಕೊಂಡೆ.

ಅಮ್ಮ


೧೧ ಮೇ

ಅಪ್ಪಾ,

ಅಮ್ಮನ ಕಾಗದ ಬಂತು. ಡ್ಯೂಟಿ ಬಟ್ಟೆಯಲ್ಲೇ, ಔಷಧಿ ಕೋಣೆಯಲ್ಲಿ ನಿಂತು ಓದಿದೆ. ಇನ್ನೊಬ್ಬ ನರ್ಸ್ ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು.

ಎರಡು ವರ್ಷ. ದಿನಕ್ಕೆ ಮೂವತ್ತು ಜನ ಅಂದುಕೊಂಡರೂ ಎಷ್ಟು ಕೈ ಹಿಡಿದಿದ್ದೀರಿ? ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ನಾನು ಘಟನೆಯ ವರದಿ ಬರೆಯುತ್ತಿದ್ದೇನೆ, ನಾಳೆ ದೊಡ್ಡ ಡಾಕ್ಟರಿಗೆ ಕೊಡುತ್ತೇನೆ. ಮೆಕ್ಯಾನಿಕ್ ನನಗೆ ಹೇಳಿದ್ದನ್ನು ನಾನು ಹೇಳದೆ ಇಟ್ಟುಕೊಂಡರೆ ನಾನು ನರ್ಸ್ ಅಲ್ಲ. ನಾನು ನಿಮ್ಮ ಮಗಳು ಎಂದು ಅವರ ಹೆಂಡತಿ ನನಗಾಗಿ ಸುಳ್ಳು ಹೇಳಿದ್ದಾರೆ, ಅದನ್ನು ತಿಂದು ಜೀರ್ಣಿಸಿಕೊಳ್ಳುವುದೂ ನನ್ನಿಂದಾಗದು. ಇದರಿಂದ ನಿಮಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನಿಮ್ಮನ್ನು "ಸ್ಥಳೀಯ ವೈದ್ಯರು" ಎಂದು ಬರೆಯಲೋ "ನನ್ನ ತಂದೆ" ಎಂದು ಬರೆಯಲೋ ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ.

ನಿಮ್ಮ ಮಗಳು


೧೬ ಮೇ

ಮಗಳೇ,

"ನನ್ನ ತಂದೆ" ಎಂದೇ ಬರೆ. ಈಗಾಗಲೇ ಬೇರೆ ಬರೆದಿದ್ದರೆ ತಿದ್ದು.

ತಂತಿ ಎಳೆದದ್ದು ನಾನು. ಆ ಬೀಗ ನನ್ನ ಬೆರಳಿಗೆ ಹತ್ತಲಿಲ್ಲ. ಎರಡು ಕೈಯಲ್ಲೂ ಹಿಡಿದು ಒತ್ತಿ ತಿರುಗಿಸಿದೆ. ಇದನ್ನು ಬರೆಯುವಾಗಲೂ ನನಗೇ ನಂಬಿಕೆಯಾಗುತ್ತಿಲ್ಲ. ಒಂದು ಜೀವ ತೆಗೆಯಲು ಅಷ್ಟು ಕಷ್ಟಪಟ್ಟು ಕೆಲಸ ಮಾಡಿದ್ದೇನೆ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಮೆಕ್ಯಾನಿಕ್‌ನ ಹೆಂಡತಿಯ ತಂಗಿ ಓಡಿಬಂದಳು. ಸ್ಟೆತಸ್ಕೋಪ್ ಇರುವ ಕೈಚೀಲ ಕ್ಲಿನಿಕ್ಕಿನಲ್ಲಿ, ಕ್ಲಿನಿಕ್ಕಿನ ಬೀಗದ ಕೈ ಮಹಡಿಯಲ್ಲಿ. ಹಿಂದಿನ ಬೀದಿ ತಾನೇ ಎಂದು ಬರಿಗೈಯಲ್ಲಿ ಹೋದೆ. ಅಂಗಳದಲ್ಲಿ ಅವನು ಬಿದ್ದಿದ್ದ. ಬೂದಿ ಬಣ್ಣದ ಮುಖ, ತುಟಿ ನೀಲಿ. ನಲವತ್ತೈದು ವರ್ಷದಲ್ಲಿ ಆ ಬಣ್ಣ ಎಷ್ಟೋ ಸಲ ನೋಡಿದ್ದೇನೆ. ನಿನ್ನ ಕಾಗದ ನೆನಪಿರಲಿಲ್ಲವೇ ಎಂದು ಕೇಳುತ್ತೀಯ. ನೆನಪಿತ್ತು. ಆಕೆಯೂ ಬಾಯಿ ಬಿಟ್ಟು ಹೇಳಿದಳು. ಆದರೂ ನನ್ನ ಕೈ ಅವನ ಮಣಿಕಟ್ಟಿಗೆ ಹೋಯಿತು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಎರಡು ವರ್ಷದಿಂದ ನಾನು ಯಾರ ಕೈ ಹಿಡಿದರೂ ಬೆರಳಿಗೆ ಏನೂ ಸಿಗುವುದಿಲ್ಲ. ಕೈಗವಸು ಹಾಕಿಕೊಂಡು ಗೋಡೆ ಮುಟ್ಟಿದ ಹಾಗೆ. ಮೊದಲ ದಿನ ಹೆದರಿದೆ. ಎದುರಿಗಿದ್ದ ಹುಡುಗಿ "ಎಷ್ಟಿದೆ ಡಾಕ್ಟ್ರೇ?" ಅಂದಳು. ಮುಖ ನೋಡಿದೆ, ಚೆನ್ನಾಗಿದ್ದಳು. "ಎಪ್ಪತ್ತೆರಡು" ಅಂದೆ. ಅವಳು ನಕ್ಕು ಎದ್ದುಹೋದಳು. ಅಷ್ಟು ಸುಲಭವಾಗಿತ್ತು. ಆಮೇಲೆ ದಿನಾ ಮುಖ ನೋಡಿ ಹೇಳುವುದೇ ರೂಢಿಯಾಯಿತು. ಜ್ವರ ಬಂದಿದ್ದರೆ ತೊಂಬತ್ತು ಅನ್ನುತ್ತಿದ್ದೆ. ಎದೆನೋವು ಅಂದವರನ್ನು ಮಾತ್ರ ನಗರದ ಆಸ್ಪತ್ರೆಗೆ ಕಳಿಸುತ್ತಿದ್ದೆ, ದೇವರಾಣೆಗೂ ಕಳಿಸುತ್ತಿದ್ದೆ. ಬೆರಳು ಸತ್ತಿದೆ ಎಂದು ಒಪ್ಪಿಕೊಂಡರೆ ಡಾಕ್ಟರು ಎಂಬ ಬೋರ್ಡಿನ ಕೆಳಗೆ ಬೇರೆ ಏನು ಉಳಿಯುತ್ತದೆ ಎಂದು ಹೆದರಿಕೆ.

ಆ ದಿನವೂ ಅದನ್ನೇ ಮಾಡಿದೆ. ಕೈ ಹಿಡಿದೆ, ಏನೂ ಸಿಗಲಿಲ್ಲ, ಅದು ನನಗೆ ಅಭ್ಯಾಸ. ಮುಖ ನೋಡಿದೆ. ಮುಖ ಹೇಳಿದ್ದನ್ನು ಬಾಯಲ್ಲಿ ಹೇಳಿದೆ. ಬೇರೆಯವರಿಗೆ "ಎಪ್ಪತ್ತೆರಡು" ಅನ್ನುತ್ತಿದ್ದ ಬಾಯಲ್ಲೇ ಅವನಿಗೆ "ಹೋಗ್ಬಿಟ್ಟಿದಾನೆ" ಅಂದೆ. ಅವನಿಗೆ ನಾಡಿ ಇಲ್ಲದಿರುವುದು ನನ್ನನ್ನು ಮೋಸಗೊಳಿಸಲಿಲ್ಲ. ನಾಡಿ ಇದ್ದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ತಂತಿ ಬಿಚ್ಚಿದ ಮೇಲೆ ಪೆಟ್ಟಿಗೆಯ ಸದ್ದು ನಿಲ್ಲುತ್ತದೆ ಅಂದುಕೊಂಡಿದ್ದೆ. ಅದು ಒಂದೇ ಸಮ ಕೂಗಲು ಶುರುಮಾಡಿತು. ಆಕೆ ಅಷ್ಟು ಹೊತ್ತು ಗೋಡೆಗೆ ಒರಗಿ ನೆಲ ನೋಡುತ್ತಿದ್ದವಳು ತಲೆ ಎತ್ತಿದಳು. "ಬಿಡ್ರೀ!" ಅಂದಳು. ಆ ದನಿಯಲ್ಲಿ ಈವರೆಗೆ ನನ್ನನ್ನು ಯಾರೂ ಮಾತಾಡಿಸಿಲ್ಲ. ನನ್ನ ಎದೆಗೆ ಎರಡು ಕೈ ಕೊಟ್ಟು ನೂಕಿದಳು, ನಾನು ಅಂಗಳಕ್ಕೆ ತಂದಿಟ್ಟಿದ್ದ ಹೊಲಿಗೆ ಯಂತ್ರಕ್ಕೆ ತಗುಲಿ ಕೂತೆ. ಆಕೆ ತಂತಿ ಸೇರಿಸಿ, ಕಿವಿಯನ್ನು ಅವನೆದೆಗೆ ಒತ್ತಿ, ಹಾಗೇ ಇದ್ದಳು. ಪಂಪು ಎಷ್ಟು ಹೊತ್ತು ನಿಂತಿತ್ತು ಎಂದು ನಿಮ್ಮ ಡಾಕ್ಟರು ಕೇಳಿದರೆ ಎರಡು ನಿಮಿಷಕ್ಕೆ ಕಡಿಮೆ ಎಂದು ಹೇಳು. ನಾನು ಗಡಿಯಾರ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅವನ ತುಟಿಯ ಬಣ್ಣ ಬದಲಾಯಿತು. ಅದನ್ನು ನೋಡಿದಾಗ ನನಗೆ ಸಂತೋಷವಾಗಲಿಲ್ಲ ಮಗಳೇ. ಮೊದಲು ಬಂದದ್ದು ಭಯ. ಇದನ್ನೂ ಬರೆದುಬಿಡುತ್ತೇನೆ.

ಸೋಮವಾರದ ಬಸ್ಸಿಗೆ ಅಲ್ಲಿಗೆ ಬರುತ್ತೇನೆ. ಅವನ ಮುಂದೆ ನಿಲ್ಲಬೇಕು.

ಅಪ್ಪ


೨೫ ಮೇ

ಅಪ್ಪಾ,

ನೀವು ಬಂದು ಹೋಗಿ ನಾಲ್ಕು ದಿನವಾಯಿತು. ಬಸ್ ನಿಲ್ದಾಣದಲ್ಲಿ ನಿಮ್ಮ ಪಕ್ಕ ನಿಂತಿದ್ದೆ. ನಿಮ್ಮ ತೋಳಿನ ಗುಂಡಿ ಬಿಚ್ಚಿಹೋಗಿತ್ತು, ಹಾಕಿದೆ, ಅಷ್ಟೇ. ಹೇಳಬೇಕಾದದ್ದನ್ನು ಈಗ ಬರೆಯುತ್ತೇನೆ.

ನೀವು ಅವರ ಹಾಸಿಗೆಯ ಪಕ್ಕ ಕೂತಿದ್ದನ್ನು ಗಾಜಿನ ಆಚೆಯಿಂದ ನೋಡುತ್ತಿದ್ದೆ. ಅವರು ತಲೆ ಅಲ್ಲಾಡಿಸುವುದು ಕಂಡಿತು. ನೀವು ಎದ್ದಾಗ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿರಿ. ನೀವು ಹೋದ ಮೇಲೆ ನಾನೇ ಕೇಳಿದೆ.

"ನಿಮ್ಮಪ್ಪ ಕ್ಷಮಿಸು ಅಂದ್ರು" ಅಂದರು. "ಆಯ್ತು ಅನ್ನೋಣ ಅಂತ ಬಾಯಿ ತೆಗೆದೆ, ಬರ್ಲಿಲ್ಲ ಸಿಸ್ಟರ್. ಒಳಗೆ ಹುಡುಕಿದೆ, ಸಿಗ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ? ಅದಕ್ಕೇ ಒಂದು ಕೆಲಸ ಹೇಳ್ದೆ. ಎರಡು ವರ್ಷದಲ್ಲಿ ಯಾರ್ಯಾರ ಕೈ ಹಿಡಿದ್ರೋ ಅವ್ರ ಮನೆಗೆಲ್ಲ ಹೋಗಿ ಹೇಳಿ ಅಂದೆ. ನಾನು ರಿಪೇರಿ ಮಾಡಿದ ಗಾಡಿ ಬ್ರೇಕಿಲ್ದೆ ಹೊರಗೆ ಹೋಗಿದೆ ಅಂತ ಗೊತ್ತಾದ್ರೆ ನಾನು ಮನೇಲಿ ಕೂತ್ಕೋತೀನಾ? ಬೀದಿ ಬೀದಿ ಹುಡುಕ್ತೀನಿ."

ನೀವು ಒಪ್ಪಿದಿರಂತೆ. ನನಗೆ ಹೇಳಲಿಲ್ಲ.

ಅವರ ಹೆಂಡತಿಯ ಬಳಿ ನಾನು ನನ್ನ ಪರವಾಗಿ ಕ್ಷಮೆ ಕೇಳಲು ಹೋಗಿದ್ದೆ. ಗಾಯದ ಬಟ್ಟೆ ಕತ್ತರಿಸುತ್ತಾ, ಕತ್ತರಿಯಿಂದ ಕಣ್ಣೆತ್ತದೆ ಆಕೆ ಹೇಳಿದ್ದು ಇದು: "ಆ ಸದ್ದು ಏನು ಅಂತ ನಂಗೆ ಕಲಿಸಿದ್ರಿ. ನಮ್ಮ ಬೀದಿ ಡಾಕ್ಟ್ರು ನಿಮ್ಮಪ್ಪ ಅಂತ ಗೊತ್ತಿದ್ದೂ ಅವ್ರಿಗ್ಯಾಕೆ ಕಲಿಸ್ಲಿಲ್ಲ? ಕಾಗದ ಬರೆದ್ರೆ ಆಗೋಯ್ತಾ?"

"ಇನ್ನೊಮ್ಮೆ ಕೇಳುವುದಿಲ್ಲ" ಎಂದು ಬಿಂಕದಿಂದ ಬರೆದವಳು ನಾನು. ನಾನೇ ಮೂರು ಗಂಟೆ ಬಸ್ಸಿನಲ್ಲಿ ಕೂತು ಬರಬಹುದಿತ್ತು. ಪೆಟ್ಟಿಗೆಯ ಮಾದರಿಯೊಂದನ್ನು ನಿಮ್ಮ ಊಟದ ಮೇಜಿನ ಮೇಲಿಟ್ಟು, ನೀವು ಬೈದರೂ ಕೇಳಿಕೊಂಡು ತೋರಿಸಬಹುದಿತ್ತು. ಇದನ್ನೂ ವರದಿಯಲ್ಲಿ ಸೇರಿಸಿದ್ದೇನೆ. ಇನ್ನು ಮೇಲೆ ರೋಗಿಯನ್ನು ಮನೆಗೆ ಕಳಿಸುವ ಮುಂಚೆ ನಮ್ಮಲ್ಲಿ ಒಬ್ಬರು ಅವರ ಬೀದಿಗೇ ಹೋಗಿ ಹತ್ತಿರದ ಡಾಕ್ಟರಿಗೆ ಕಲಿಸಿ ಬರಬೇಕು ಎಂದು ದೊಡ್ಡ ಡಾಕ್ಟರು ಆದೇಶ ಮಾಡಿದ್ದಾರೆ. ಮೊದಲ ಪ್ರಯಾಣ ನನ್ನದು, ಬರುವ ಗುರುವಾರ, ಬೇರೆ ಊರಿಗೆ.

ಮೆಕ್ಯಾನಿಕ್ ಅವರ ಮೂರು ಬೆರಳಲ್ಲಿ ಒಂದು ನಿನ್ನೆ ಸ್ವಲ್ಪ ಬಿಚ್ಚಿತು. ನಾನು ಸ್ಪಂಜು ಕೊಟ್ಟು ಹಿಂಡಿ ಅಂದರೆ, "ಸ್ಪ್ಯಾನರ್ ಕೊಡಿ ಸಿಸ್ಟರ್, ಅದಾದ್ರೆ ಹಿಡಿಯುತ್ತೆ" ಅನ್ನುತ್ತಾರೆ. ಪಟ್ಟಿಯ ವಿಚಾರ ಆಗಸ್ಟಿನವರೆಗೆ ಏನೂ ಗೊತ್ತಾಗುವುದಿಲ್ಲ.

ನಿಮ್ಮ ಮಗಳು


೨೦ ಜೂನ್

ಮಗಳೇ,

ನನ್ನ ನೋಂದಣಿ ಪತ್ರವನ್ನು ವೈದ್ಯ ಮಂಡಳಿಗೆ ವಾಪಸು ಕಳಿಸಿದೆ, ಜೊತೆಗೆ ನಡೆದದ್ದನ್ನೆಲ್ಲ ಬರೆದು. ವಿಚಾರಣೆಗೆ ಕರೆಯುತ್ತಾರಂತೆ. ಹೋಗುತ್ತೇನೆ. ಬೋರ್ಡನ್ನು ನಿಮ್ಮಮ್ಮ ಇಳಿಸಿದಳು. ಏಣಿ ಹತ್ತಲು ನನ್ನನ್ನು ಬಿಡಲಿಲ್ಲ.

ಕ್ಲಿನಿಕ್ಕಿನ ರಿಜಿಸ್ಟರು ಕೈಯಲ್ಲಿ ಹಿಡಿದು ಬೆಳಿಗ್ಗೆ ಒಂದು ಬೀದಿ, ಸಂಜೆ ಒಂದು ಬೀದಿ ಹೋಗುತ್ತಿದ್ದೇನೆ. ಬಾಗಿಲು ತಟ್ಟುತ್ತೇನೆ. "ನಿಮ್ಮ ಕೈ ಹಿಡಿದು ನಾನು ಹೇಳಿದ್ದು ನಂಬಬೇಡಿ, ನನ್ನ ಬೆರಳಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಆಸ್ಪತ್ರೆಗೆ ಹೋಗಿ ಇನ್ನೊಮ್ಮೆ ತೋರಿಸಿಕೊಳ್ಳಿ" ಅನ್ನುತ್ತೇನೆ. ಮೊದಲ ಮನೆಯಲ್ಲಿ ಇದನ್ನು ಚೀಟಿ ನೋಡಿ ಓದಿದೆ. ಈಗ ಹಾಲಿನವನು ಕೂಗುವ ಹಾಗೆ ಬರುತ್ತದೆ. ಒಬ್ಬರು ನನ್ನ ಮುಖದ ಮೇಲೆ ಬಾಗಿಲು ಹಾಕಿದರು. ಒಬ್ಬರು ಬಾಯಿಗೆ ಬಂದದ್ದು ಬೈದರು, ನಿಂತು ಕೇಳಿಸಿಕೊಂಡೆ. ಬೇಕರಿ ಮಾಲೀಕನ ನಾಡಿ ನಿಜವಾಗಿಯೂ ತಪ್ಪಿ ತಪ್ಪಿ ಓಡುತ್ತಿತ್ತಂತೆ, ಅವನು ಈಗ ಮಾತ್ರೆ ನುಂಗುತ್ತಿದ್ದಾನೆ. ಅವನಿಗೆ ಒಂದು ವರ್ಷದಲ್ಲಿ ಆರು ಸಲ "ಚೆನ್ನಾಗಿದೀಯ ಹೋಗು" ಎಂದು ನಾನೇ ಹೇಳಿ ಕಳಿಸಿದ್ದೇನೆ. ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂತು ರಿಜಿಸ್ಟರಿನಲ್ಲಿ ಆ ಆರು ತಾರೀಖು ನೋಡಿದೆ.

ಮೂಲೆಮನೆಯ ಅಜ್ಜಿ ಮಾತ್ರ ನಕ್ಕಳು. "ಅದು ನಮಗೆ ಗೊತ್ತಿಲ್ವಾ ಡಾಕ್ಟ್ರೇ? ಗಂಡಸ್ರಿಗೂ ಎಪ್ಪತ್ತೆರಡು, ಹೆಂಗಸ್ರಿಗೂ ಎಪ್ಪತ್ತೆರಡು, ನಂಗೂ ಎಪ್ಪತ್ತೆರಡು, ನನ್ನ ಮೊಮ್ಮಗಳಿಗೂ ಎಪ್ಪತ್ತೆರಡು. ಬೀದೀಲಿ ನಿಮ್ಮನ್ನ ಎಪ್ಪತ್ತೆರಡು ಡಾಕ್ಟ್ರು ಅಂತಾನೇ ಕರೆಯೋದು."

"ಗೊತ್ತಿದ್ದೂ ಯಾಕೆ ಬರ್ತಿದ್ರಿ?" ಅಂದೆ.

"ಇನ್ನೆಲ್ಲಿ ಹೋಗೋದು?" ಅಂದಳು. ಅದನ್ನು ತಮಾಷೆಗೆ ಹೇಳಲಿಲ್ಲ. ನಾನು ಗೌರವ ಎಂದುಕೊಂಡಿದ್ದು ಅದಾಗಿತ್ತು.

ನಿನ್ನೆ ನಾನು ಎಲ್ಲಕ್ಕಿಂತ ಹೆದರುತ್ತಿದ್ದ ಮನೆಗೆ ಹೋದೆ. ಅಂಚೆ ಕಚೇರಿಯ ಗುಮಾಸ್ತನ ಮನೆ. ಹೋದ ವರ್ಷ ಅವನ ತಾಯಿ ತೀರಿಕೊಂಡಾಗ ಜೀವ ಹೋಗಿದೆ ಎಂದು ನೋಡಿ ಹೇಳಿದವನು ನಾನೇ. ಬಾಗಿಲಲ್ಲೇ ನನ್ನ ಮಾತನ್ನು ಪೂರ್ತಿ ಕೇಳಿದ.

"ನಮ್ಮಮ್ಮ ನಿಜವಾಗ್ಲೂ ಹೋಗಿದ್ರಾ ಡಾಕ್ಟ್ರೇ?" ಅಂದ.

"ಹೋಗಿದ್ರು. ಅವತ್ತು ಚೀಲ ತಂದಿದ್ದೆ. ಎದೆ ಕೇಳಿದ್ದೆ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದ್ದೆ, ಹತ್ತು ನಿಮಿಷ ಬಿಟ್ಟು ಇನ್ನೊಂದ್ಸಲ ನೋಡಿದ್ದೆ."

"ಮೊದ್ಲು ಕೈ ಹಿಡಿದ್ರಿ. ನಂಗೆ ನೆನಪಿದೆ."

"ಹಿಡಿದೆ. ಆಮೇಲೆ ಎದೆ ಕೇಳಿದೆ."

"ಮೆಕ್ಯಾನಿಕ್ಕೂ ಹೋಗ್ಬಿಟ್ಟ ಅಂತ ಹೀಗೇ ಹೇಳಿದ್ರಂತೆ."

ಆಕೆ ಹೋಗಿದ್ದರು ಮಗಳೇ, ನನಗೆ ಅನುಮಾನವೇ ಇಲ್ಲ. ಆದರೆ ನನ್ನ ಮಾತಿನ ಮೇಲೆ ಇನ್ನೊಬ್ಬರು ನಿದ್ದೆ ಮಾಡಬಹುದಾದ ಕಾಲ ಹೋಯಿತು. ಎದ್ದು ಹೊರಟೆ. "ಕೂತ್ಕೊಳಿ" ಅಂದ. ಕೂತೆ. ನೀರು ತಂದುಕೊಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಮತ್ತೆ ಮೊದಲಿನಿಂದ ಹೇಳಿದೆ: ಚೀಲ, ಎದೆ, ಟಾರ್ಚ್, ಹತ್ತು ನಿಮಿಷ. ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತು ಕೇಳಿದಳು. ಅವಳಿಗಾಗಿ ಇನ್ನೊಮ್ಮೆ ಹೇಳಿದೆ. ನಾಲ್ಕನೇ ಸಲ ಹೇಳಿ ಮುಗಿಸಿದಾಗ ಸಂಜೆಯಾಗಿತ್ತು.

ಗೇಟಿನವರೆಗೆ ಬಂದ. "ಈಗ ನಂಬಿಕೆ ಬಂದಂಗಾಗುತ್ತೆ. ನೀವು ಹೋದ್ಮೇಲೆ ಮತ್ತೆ ಶುರುವಾಗುತ್ತೆ" ಅಂದ. ಆಮೇಲೆ, "ನಾಳೆ ಬರ್ತೀರಾ?" ಅಂದ.

ಬರುತ್ತೇನೆ ಅಂದೆ. ನಾಲ್ಕು ಗಂಟೆಗೆ ಹೇಳಿದ್ದಾನೆ, ಈಗ ಮೂರೂವರೆ. ನಿಮ್ಮಮ್ಮ ಅಂಗಿ ಹಿಡಿದುಕೊಂಡು ನಿಂತಿದ್ದಾಳೆ. ಹೊರಡುತ್ತೇನೆ.

ಅಪ್ಪ